ಸ್ಪ್ಲಿಟ್ ಎಸಿಯಿಂದ ಗೋಡೆಗೆ ನೀರು ಸೋರುವುದು ನಿಂತದ್ದು ಹೀಗೆ

ನಮ್ಮ ಮನೆ ಮಂಗಳೂರಿನಲ್ಲಿ. ಎಸಿ ಹಾಕಿ ಅರ್ಧ ಗಂಟೆಯಾದರೆ ಒಳಗಿನ ಯೂನಿಟ್‌ನ ಬಲ ಮೂಲೆಯಿಂದ ಗೋಡೆಗೆ ನೀರು ಇಳಿಯುತ್ತಿತ್ತು. ತಂಪು ಮಾತ್ರ ಸರಿಯಾಗಿಯೇ ಇತ್ತು.

ಫಿಲ್ಟರ್ ತೊಳೆದರೂ ನಿಲ್ಲಲಿಲ್ಲ. ಒಳಗೆ ಗಾಳಿಯನ್ನು ತಂಪು ಮಾಡುವ ಕಾಯಿಲ್‌ಗೆ ಕ್ಲೀನಿಂಗ್ ಸ್ಪ್ರೇ ಹೊಡೆದದ್ದೂ ಸುಮ್ನೆ. ಸರ್ವಿಸ್‌ನವರು ಗ್ಯಾಸ್ ತುಂಬಿಸಬೇಕು ಎಂದರು. ಗ್ಯಾಸ್ ಕಡಿಮೆಯಾದರೆ ಸಾಮಾನ್ಯವಾಗಿ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ತಂಪೂ ಇಳಿಯುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಹಾಗಾಗಿ ತುಂಬಿಸಲಿಲ್ಲ.

ತೊಂದರೆ ಇದ್ದದ್ದು ಎಸಿಯ ನೀರನ್ನು ಹೊರಗೆ ಬಿಡುವ ಡ್ರೈನ್ ಪೈಪಿನಲ್ಲಿ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಕಾಯಿಲ್‌ನಿಂದ ನೀರೂ ಜಾಸ್ತಿ ಇಳಿಯುತ್ತದೆ. ಅದಕ್ಕೆ ಧೂಳು ಸೇರಿ ಪೈಪಿನೊಳಗೆ ಲೋಳೆ ಕಟ್ಟುತ್ತದೆ, ನೀರು ಹೊರಗೆ ಹೋಗದೆ ಗೋಡೆಗೆ ಇಳಿಯುತ್ತದೆ.

ಮೊದಲು ಎಸಿಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ. ರಿಮೋಟ್‌ನಲ್ಲಿ ಆರಿಸಿದರೆ ಸಾಲದು. ನೀರು ಎಳೆಯಬಲ್ಲ ವೆಟ್ ವ್ಯಾಕ್ಯೂಮ್ ಕ್ಲೀನರ್ ಬೇಕು, ಮಾಮೂಲಿಯದು ಕೆಟ್ಟುಹೋಗುತ್ತದೆ. ಅದರ ಬಾಯಿಯನ್ನು ಪೈಪಿನ ಹೊರತುದಿಗೆ ಇಟ್ಟು, ಸುತ್ತ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ. ಗಾಳಿ ಸೋರಿದರೆ ಲೋಳೆ ಬರುವುದಿಲ್ಲ. ಎರಡು ಮೂರು ನಿಮಿಷ ಎಳೆಯಿರಿ. ಒಳಗಿನಿಂದ ಗಾಳಿ ಊದಬೇಡಿ, ಪೈಪಿನ ಜೋಡಣೆ ಕಳಚಬಹುದು.

ಆಮೇಲೆ ಫಿಲ್ಟರ್ ತೆಗೆದು ಕಾಯಿಲ್ ಮೇಲೆ ಒಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಬಲಬದಿಯ ವಿದ್ಯುತ್ ಬೋರ್ಡಿಗೆ ಹನಿಯೂ ತಾಗಬಾರದು. ಹೊರಗೆ ನೀರು ತಡೆಯಿಲ್ಲದೆ ಬಂದರೆ ದಾರಿ ತೆರೆದಿದೆ ಎಂದರ್ಥ.

ಪೈಪು ಎಲ್ಲೂ ಮೇಲಕ್ಕೆ ಏರದೆ ಇಳಿಜಾರಾಗಿಯೇ ಇರಬೇಕು. ತುದಿ ಬಕೆಟ್ ನೀರಿನಲ್ಲಿ ಮುಳುಗಿರಬಾರದು, ಮುಳುಗಿದರೆ ನೀರು ಹಿಂದೆ ನಿಲ್ಲುತ್ತದೆ. ನಮ್ಮದು ಮುಳುಗಿತ್ತು, ತುದಿಯನ್ನು ನೀರಿಗೆ ತಾಗದಷ್ಟು ಮೇಲೆತ್ತಿ ಕಟ್ಟಿದೆ. ಈಗ 24 ಡಿಗ್ರಿಯಲ್ಲಿ ರಾತ್ರಿಯಿಡೀ ಓಡಿಸಿದರೂ ಗೋಡೆ ಒಣಗಿರುತ್ತದೆ.