ಕೌಬಾಯ್ ಕಾದಂಬರಿ, ಕೈಯಾರೆ ಕಟ್ಟಿದ ಟ್ರೈಲರ್: ನನ್ನ ಅನುಭವ

ನಾನೇ ಕಟ್ಟಿದ ಪುಟ್ಟ ಟ್ರೈಲರನ್ನು ಕಾರಿನ ಹಿಂದೆ ಸಿಕ್ಕಿಸಿಕೊಂಡು ಟೆಕ್ಸಸ್‌ನಿಂದ ನ್ಯೂ ಮೆಕ್ಸಿಕೋ, ಅಲ್ಲಿಂದ ಕೊಲರಾಡೋ ಕಡೆಗೆ ಹೋಗುವುದು ಈಗ ನನಗೆ ತುಂಬಾ ಖುಷಿ ಕೊಡುವ ಕೆಲಸ. ಜೊತೆಗೆ ಒಂದು ಕೌಬಾಯ್ ಕಾದಂಬರಿ ಇರಲೇಬೇಕು. ಇಲ್ಲಿ ಹ್ಯೂಸ್ಟನ್‌ನಲ್ಲಿರುವ ಕನ್ನಡದ ಗೆಳೆಯರು ಟ್ರೈಲರ್ ಬಗ್ಗೆ ಬಿಡದೆ ಕೇಳುತ್ತಾರೆ, ಪುಸ್ತಕದ ಬಗ್ಗೆ ಕೇಳುವುದಿಲ್ಲ. ಆದರೆ ಪುಸ್ತಕ ಓದದೇ ಹೋಗಿದ್ದರೆ ಟ್ರೈಲರ್ ಕಟ್ಟುವ ಯೋಚನೆ ನನಗೆ ಬರುತ್ತಲೇ ಇರಲಿಲ್ಲ. ಹಾಗಾಗಿ ಪುಸ್ತಕದಿಂದಲೇ ಶುರು ಮಾಡುತ್ತೇನೆ.

ಕೌಬಾಯ್ ಕಥೆ ಅಂದರೆ ಪಿಸ್ತೂಲು, ಹೆಂಡದಂಗಡಿ, ಗುಂಡಿನ ಕಾಳಗ ಅಂತ ಸಿನಿಮಾ ನೋಡಿದ ಎಲ್ಲರೂ ಅಂದುಕೊಳ್ಳುತ್ತಾರೆ. ಒಳ್ಳೆಯ ಕಾದಂಬರಿಗಳಲ್ಲಿ ಗುಂಡು ಹಾರುವುದು ಕಡಿಮೆ. ಜಾಸ್ತಿ ಇರುವುದು ನೀರಿನ ಚಿಂತೆ, ಹುಲ್ಲಿನ ಚಿಂತೆ, ಉಕ್ಕಿದ ಹೊಳೆ, ಮುರಿದ ಚಕ್ರ, ಅಡುಗೆಯವನ ಸಿಟ್ಟು. ಆಂಡಿ ಆಡಮ್ಸ್ 1903ರಲ್ಲಿ ಬರೆದ 'ದಿ ಲಾಗ್ ಆಫ್ ಎ ಕೌಬಾಯ್' ಓದಿ ನೋಡಿ. ಬರೆದವನೇ ದನ ಹೊಡೆದುಕೊಂಡು ಹೋದವನು. 1882ರಲ್ಲಿ ಟೆಕ್ಸಸ್‌ನ ದಕ್ಷಿಣ ತುದಿಯಿಂದ ಮೊಂಟಾನಾದವರೆಗೆ ಮೂರು ಸಾವಿರ ದನಗಳನ್ನು ನಡೆಸಿಕೊಂಡು ಹೋಗುವ ಕಥೆ. ಕೆಸರಲ್ಲಿ ಹೂತ ದನಗಳನ್ನು ಎಳೆದು ತೆಗೆಯುವುದಕ್ಕೇ ಅದರಲ್ಲಿ ಒಂದು ಅಧ್ಯಾಯವಿದೆ. ನನಗೆ ಆ ಅಧ್ಯಾಯ ಯಾವ ಗುಂಡಿನ ಕಾಳಗಕ್ಕಿಂತಲೂ ಇಷ್ಟ. ಹಳೆಯ ಪುಸ್ತಕವಾದ್ದರಿಂದ ಇಂಟರ್‌ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ನನ್ನ ಪ್ರಕಾರ ಇವು ಸಾಮಾನು ಸಾಗಿಸುವವರ ಕಥೆಗಳು. ಯಾವುದನ್ನು ಹೊರಬೇಕು, ಯಾವುದನ್ನು ಬಿಡಬೇಕು, ಅಚ್ಚಿಗೆ ಎಣ್ಣೆ ಯಾವಾಗ ಹಾಕಬೇಕು ಅನ್ನುವುದೇ ಇಲ್ಲಿ ಜೀವನ್ಮರಣದ ಪ್ರಶ್ನೆ.

ಈ ಕಥೆಗಳ ನಡುವೆ ಮತ್ತೆ ಮತ್ತೆ ಬರುವ ಒಂದು ವಾಹನವಿದೆ: ಚಕ್‌ವ್ಯಾಗನ್, ಅಂದರೆ ಅಡುಗೆ ಬಂಡಿ. ಇದನ್ನು ರೂಪಿಸಿದವನು ಚಾರ್ಲ್ಸ್ ಗುಡ್‌ನೈಟ್ ಎಂಬ ಟೆಕ್ಸಸ್‌ನ ದನಗಾರ. 1866ರಲ್ಲಿ ಸೈನ್ಯದ ಹಳೆ ಬಂಡಿಯೊಂದನ್ನು ತಗೊಂಡು ಗಟ್ಟಿ ಮರದಲ್ಲಿ ಮತ್ತೆ ಕಟ್ಟಿಸಿದ. ಮರದ ಅಚ್ಚು ತೆಗೆಸಿ ಕಬ್ಬಿಣದ ಅಚ್ಚು ಹಾಕಿಸಿದ. ಬಂಡಿಯ ಹಿಂಬದಿಗೆ ಎತ್ತರದ ಪೆಟ್ಟಿಗೆ ಕೂರಿಸಿದ. ಅದರ ತುಂಬಾ ಸಣ್ಣ ಸಣ್ಣ ಖಾನೆ, ಡ್ರಾಯರ್. ಹಿಟ್ಟು, ಕಾಫಿ, ಸಕ್ಕರೆ, ಕಾಳು, ಒಂದೊಂದಕ್ಕೂ ಅದರದೇ ಜಾಗ. ಪೆಟ್ಟಿಗೆಯ ಬಾಗಿಲು ಕೆಳಗೆ ಬಿಚ್ಚಿಕೊಂಡರೆ ಅದೇ ಮೇಜು. ಅಡುಗೆಯವನು ಬಂಡಿ ಹತ್ತಬೇಕಾಗಿಲ್ಲ, ಇಳಿಯಬೇಕಾಗಿಲ್ಲ. ನಿಂತಲ್ಲೇ ಎಲ್ಲವೂ ಕೈಗೆ ಸಿಗಬೇಕು.

ಈಗ ಅಮೆರಿಕದಲ್ಲಿ ಮನೆಯಲ್ಲೇ ಕಟ್ಟುವ ಟ್ರೈಲರ್‌ಗಳಲ್ಲಿ ಟಿಯರ್‌ಡ್ರಾಪ್ ಅನ್ನುವ ಬಗೆ ಬಹಳ ಜನಪ್ರಿಯ. 1930ರ ದಶಕದಿಂದಲೂ ಜನ ಅದನ್ನು ಗ್ಯಾರೇಜಿನಲ್ಲಿ ಕಟ್ಟುತ್ತಿದ್ದಾರೆ. ಮುಂದೆ ಇಬ್ಬರು ಮಲಗುವ ಗೂಡು, ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆಮನೆ. ಮೊದಲ ಸಲ ಇದರ ನಕ್ಷೆ ನೋಡಿದಾಗಲೇ ನನಗೆ ಗುಡ್‌ನೈಟ್‌ನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಕಟ್ಟಿದರೆ ಇದನ್ನೇ ಕಟ್ಟಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಅಳತೆ 5 ಅಡಿ ಅಗಲ, 8 ಅಡಿ ಉದ್ದ. ಇಲ್ಲಿ ಪ್ಲೈವುಡ್ ಬರುವುದೇ 4 ಅಡಿ, 8 ಅಡಿಯ ಹಾಳೆಯಲ್ಲಿ. ಪಕ್ಕದ ಗೋಡೆ ಒಂದೇ ಹಾಳೆಯಲ್ಲಿ ಮುಗಿಯುತ್ತದೆ, ಕೀಲು ಬರುವುದಿಲ್ಲ. 5 ಅಡಿ ಅಗಲ ಇಟ್ಟರೆ ಕ್ವೀನ್ ಅಳತೆಯ ಹಾಸಿಗೆ ಕೂರುತ್ತದೆ. ಚೌಕಟ್ಟಿಗೆ 2 ಇಂಚಿನ ಚೌಕ ಉಕ್ಕಿನ ಕೊಳವೆ. ಕತ್ತರಿಸಿದ್ದು ನಾನು, ಬೆಸುಗೆ ಹಾಕಿಕೊಟ್ಟಿದ್ದು ಆ ಕಸುಬು ಗೊತ್ತಿರುವ ನೆರೆಯವರು. ಹೈವೇಯಲ್ಲಿ ಓಡುವ ವಾಹನದ ಬೆಸುಗೆ ಕಲಿಯುವವರ ಕೈಗೆ ಕೊಡುವಂಥದ್ದಲ್ಲ. ಹೊರಗಿನ ಪ್ಲೈವುಡ್ಡಿಗೆ ನೀರು ತಡೆಯುವ ಮರದ ಅಂಟು ಬಳಿದು, ಅದರ ಮೇಲೆ ಕ್ಯಾನ್ವಾಸ್ ಬಟ್ಟೆ ಬಿಗಿಯಾಗಿ ಎಳೆದು ಅಂಟಿಸಿ, ಮತ್ತೆ ಮನೆಗೆ ಹಚ್ಚುವ ಬಣ್ಣವನ್ನೇ ಪದರ ಪದರವಾಗಿ ಹಚ್ಚಿದೆ. ಫೈಬರ್‌ಗ್ಲಾಸಿನ ಖರ್ಚಿಲ್ಲ, ವಾಸನೆಯಿಲ್ಲ. ಹಿಂಬಾಗಿಲಿಗೆ ಮಾತ್ರ ದುಡ್ಡಿನ ಮುಖ ನೋಡಬಾರದು. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ದೂಳು ಅಲ್ಲಿಂದಲೇ ಒಳಗೆ ಎಳೆದುಕೊಳ್ಳುತ್ತದೆ. ಸುತ್ತ ಎರಡು ಸಾಲು ರಬ್ಬರ್ ಪಟ್ಟಿ ಕೊಟ್ಟಿದ್ದೇನೆ. ಪಶ್ಚಿಮ ಟೆಕ್ಸಸ್‌ನ ಮಣ್ಣು ರಸ್ತೆಯಲ್ಲಿ ಬಂದ ಮೇಲೂ ಅವಲಕ್ಕಿ ಡಬ್ಬದ ಮುಚ್ಚಳದ ಮೇಲೆ ದೂಳು ಕೂತಿರುವುದಿಲ್ಲ.

ಅಡುಗೆ ಪೆಟ್ಟಿಗೆ ಮಾಡುವಾಗ ನನಗೆ ಸಿಕ್ಕ ಸಂತೋಷ ಉಳಿದ ಯಾವ ಕೆಲಸದಲ್ಲೂ ಸಿಗಲಿಲ್ಲ. ಭಾರದ ಡಬ್ಬಗಳು ಕೆಳಗಿನ ಸಾಲಿನಲ್ಲಿ: ಅಕ್ಕಿ, ತೊಗರಿಬೇಳೆ, ರವೆ. ಮೇಲಿನ ಸಾಲಿನಲ್ಲಿ ಸಾರಿನ ಪುಡಿ, ಸಾಸಿವೆ, ಇಂಗು, ಕಾಫಿ ಪುಡಿ. ಪ್ರತಿ ಡ್ರಾಯರಿಗೂ ಮುಂದೆ ಕಾಲಿಂಚು ಎತ್ತರದ ತಡೆಪಟ್ಟಿ. ಹಿಡಿದು ಸ್ವಲ್ಪ ಮೇಲೆತ್ತಿ ಎಳೆದರೆ ಮಾತ್ರ ಬರುತ್ತದೆ, ಗಾಡಿ ಕುಲುಕಿದರೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಆ ಕಾಲದ ಕೌಬಾಯ್‌ಗಳು ಕುಡಿಯುತ್ತಿದ್ದದ್ದು ಆರ್ಬಕಲ್ಸ್ ಕಾಫಿ. ಹುರಿದ ಬೀಜದ ಪೊಟ್ಟಣದಲ್ಲಿ ಒಂದು ಪೆಪ್ಪರ್‌ಮಿಂಟ್ ಕಡ್ಡಿಯೂ ಬರುತ್ತಿತ್ತಂತೆ. ಬೀಜ ಬೀಸಿಕೊಟ್ಟವನಿಗೆ ಅಡುಗೆಯವನು ಅದನ್ನು ಕೊಡುತ್ತಿದ್ದ. ನನ್ನ ಪೆಟ್ಟಿಗೆಯಲ್ಲಿ ಆ ಜಾಗದಲ್ಲಿ ಸ್ಟೀಲಿನ ಫಿಲ್ಟರ್ ಇದೆ.

ಈಗ ಮುಖ್ಯ ವಿಷಯ: ಮೂಕಿ ಭಾರ, ಅಂದರೆ ಕಾರಿಗೆ ಸಿಕ್ಕಿಸುವ ಮುಂದಿನ ದಂಡದ ಮೇಲೆ ಕೂರುವ ಭಾರ. ಊರಲ್ಲಿ ಎತ್ತಿನ ಗಾಡಿಗೆ ಕಬ್ಬು ತುಂಬುವುದು ನೋಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಟ್ರೈಲರಿಗೂ ಅದೇ ಲೆಕ್ಕ. ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಕಾರಿನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೈಲರ್ ಹೈವೇಯಲ್ಲಿ ಬಾಲದ ಹಾಗೆ ಆಡಲು ಶುರುವಾಗುತ್ತದೆ, ಒಮ್ಮೆ ಶುರುವಾದರೆ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ, ಸ್ಟೀರಿಂಗ್ ಹಿಡಿತ ಸಿಗುವುದಿಲ್ಲ. ಅದಕ್ಕೆ ಅಚ್ಚನ್ನು ಸರಿಯಾಗಿ ನಡುವೆ ಕೂರಿಸಬಾರದು. ಪೆಟ್ಟಿಗೆಯ ಉದ್ದದಲ್ಲಿ ಶೇ. 60ರಷ್ಟು ಅಚ್ಚಿನ ಮುಂದೆ ಬರುವಂತೆ ಇಟ್ಟಿದ್ದೇನೆ.

ಅಳೆಯುವುದು ಸುಲಭ. ನನ್ನ ಟ್ರೈಲರ್ ಸಾಮಾನು, ನೀರು ಎಲ್ಲ ತುಂಬಿದಾಗ 1,500 ಪೌಂಡಿನ ಆಸುಪಾಸು. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡ್ಡ ಕೊಟ್ಟು, ಬಾತ್‌ರೂಮಿನ ತೂಕದ ಯಂತ್ರವನ್ನು ಮೂಕಿಯ ಕೆಳಗೆ ಇಟ್ಟು, ಕೊಂಡಿಯ ಎತ್ತರಕ್ಕೇ ಮರದ ತುಂಡು ಕೊಟ್ಟು ಇಳಿಸುತ್ತೇನೆ. 180 ಪೌಂಡ್ ಬಂದರೆ ಸಮಾಧಾನ. ನೀರಿನ ಕ್ಯಾನು ಮುಂದೆ ಹಿಂದೆ ಸರಿಸಿದರೆ ಸಾಕು, ಮುಳ್ಳು ಅತ್ತಿತ್ತ ಆಡುತ್ತದೆ. ಪ್ರತಿ ಪ್ರಯಾಣಕ್ಕೂ ಮುಂಚೆ ಇದನ್ನು ಮಾಡಲೇಬೇಕು, ಯಾಕೆಂದರೆ ಪ್ರತಿ ಸಲ ತುಂಬುವ ಸಾಮಾನು ಬೇರೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸುರಕ್ಷತಾ ಸರಪಳಿ ಎರಡನ್ನೂ ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಕಬೇಕು. ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ಕೂರುತ್ತದೆ. ದೀಪಕ್ಕೆ ನಾಲ್ಕು ತಂತಿ: ಬಿಳಿ ಅರ್ಥ್, ಕಂದು ಹಿಂದೀಪ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಬಿಳಿ ತಂತಿಯನ್ನು ಬಣ್ಣ ಕೆರೆದ ಉಕ್ಕಿಗೇ ಬಿಗಿಯಬೇಕು. ಟ್ರೈಲರಿನ ಟೈರುಗಳಲ್ಲಿ ಹಲವು ಗಂಟೆಗೆ 65 ಮೈಲಿಗೆ ಮಾಡಿದವು. ಪಶ್ಚಿಮ ಟೆಕ್ಸಸ್‌ನ ಐ-10 ರಸ್ತೆಯಲ್ಲಿ ಮಿತಿ 80 ಇದೆ. ಎಲ್ಲರೂ ದಾಟಿಕೊಂಡು ಹೋಗಲಿ, ನಾನು 62ರಲ್ಲೇ ಇರುತ್ತೇನೆ. ಪೆಟ್ರೋಲಿಗೆ ನಿಲ್ಲಿಸಿದಾಗಲೆಲ್ಲ ಟ್ರೈಲರಿನ ಎರಡೂ ಚಕ್ರದ ಗುಂಬದ ಮೇಲೆ ಕೈ ಇಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೇರಿಂಗಿಗೆ ಗ್ರೀಸು ಬೇಕು, ಅಥವಾ ಬೇರಿಂಗೇ ಹೋಗಿದೆ.

ಕಾಗದಪತ್ರಕ್ಕೆ ಜನ ಹೆದರುವಷ್ಟು ಕಷ್ಟವಿಲ್ಲ. ಟೆಕ್ಸಸ್‌ನಲ್ಲಿ ಒಟ್ಟು ತೂಕ 4,000 ಪೌಂಡ್ ಮೀರದ ಸಾಮಾನಿನ ಟ್ರೈಲರಿಗೆ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಕಡ್ಡಾಯವಲ್ಲ; ಆದರೆ ಇಂಥ ಮಲಗುವ ಟ್ರೈಲರಿಗೆ ತೂಕ ಎಷ್ಟೇ ಇರಲಿ ಟೈಟಲ್, ರಿಜಿಸ್ಟ್ರೇಷನ್ ಎರಡೂ ಬೇಕು. ಅವನ್ನು ಕೌಂಟಿಯ ತೆರಿಗೆ ಕಚೇರಿಯಲ್ಲೇ ಮಾಡಿಕೊಡುತ್ತಾರೆ. ಅಚ್ಚು, ಚಕ್ರ, ಉಕ್ಕು ಕೊಂಡ ರಸೀದಿಗಳನ್ನೆಲ್ಲ ಒಂದು ಫೈಲಿನಲ್ಲಿ ಇಡಿ, ಕಟ್ಟುವಾಗ ಫೋಟೋ ತೆಗೆಯಿರಿ. ತಾಯಿ ರಾಜ್ಯದಲ್ಲಿ ಸರಿಯಾಗಿ ನೋಂದಾಯಿಸಿ ನಂಬರ್ ಪ್ಲೇಟ್ ಹಾಕಿದರೆ ಉಳಿದ ರಾಜ್ಯಗಳು ಅದನ್ನು ಒಪ್ಪುತ್ತವೆ. ಆದರೆ ರಸ್ತೆಯ ನಿಯಮ ನೀವು ಆಗ ಓಡಿಸುತ್ತಿರುವ ರಾಜ್ಯದ್ದು. ಟ್ರೈಲರಿಗೆ ಅದರದೇ ಬ್ರೇಕ್ ಯಾವ ತೂಕದಿಂದ ಬೇಕು ಅನ್ನುವುದು ಟೆಕ್ಸಸ್‌ನಲ್ಲಿ 4,500 ಪೌಂಡ್, ಕೊಲರಾಡೋದಲ್ಲಿ 3,000, ಕ್ಯಾಲಿಫೋರ್ನಿಯಾದಲ್ಲಿ 1,500. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರು 55 ಮೈಲಿ ಮೀರುವಂತಿಲ್ಲ. ಆ ಗಡಿಯಲ್ಲಿ ಕೃಷಿ ತಪಾಸಣೆಯೂ ಇದೆ. ನಮ್ಮವರು ಇದನ್ನು ಗಮನಿಸಬೇಕು: ಹಿತ್ತಲ ಕರಿಬೇವನ್ನು ಒಯ್ಯಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ, ಇಡೀ ಟೆಕ್ಸಸ್ ಆ ಕೀಟದ ನಿರ್ಬಂಧದಲ್ಲಿದೆ. ನಾನು ಪುಳಿಯೋಗರೆ ಗೊಜ್ಜು ಮನೆಯಲ್ಲೇ ಕುದಿಸಿ ಬಾಟಲಿಗೆ ತುಂಬಿಕೊಳ್ಳುತ್ತೇನೆ. ಸೌದೆಯನ್ನೂ ಹೊತ್ತುಕೊಂಡು ಹೋಗುವುದಿಲ್ಲ, ಉರಿಸುವ ಜಾಗದಲ್ಲೇ ಕೊಳ್ಳುತ್ತೇನೆ.

ನನಗೆ ಅತ್ಯಂತ ಪ್ರಿಯವಾದ ದಾರಿ ಗುಡ್‌ನೈಟ್ ಮತ್ತು ಅವನ ಜೊತೆಗಾರ ಆಲಿವರ್ ಲವಿಂಗ್ 1866ರಲ್ಲಿ ದನ ನಡೆಸಿದ ದಾರಿ. ಪಶ್ಚಿಮ ಟೆಕ್ಸಸ್‌ನಲ್ಲಿ ಸುಮಾರು 80 ಮೈಲಿ ಹನಿ ನೀರಿಲ್ಲದ ಬಯಲು, ಕೊನೆಗೆ ಪೇಕೋಸ್ ನದಿಯ ಹಾರ್ಸ್‌ಹೆಡ್ ಕ್ರಾಸಿಂಗ್. ನೀರಿನ ವಾಸನೆ ಬಡಿದ ಕೂಡಲೇ ಬಾಯಾರಿದ ದನಗಳು ಹುಚ್ಚೆದ್ದು ಓಡುತ್ತಿದ್ದವು. ಗಿರ್ವಿನ್ ಊರಿನ ಹತ್ತಿರ ಮಣ್ಣು ರಸ್ತೆಯಲ್ಲಿ ಹೋದರೆ ಈಗ ಅಲ್ಲಿರುವುದು ಉಪ್ಪುಪ್ಪು ನೀರಿನ ಸಣ್ಣ ಹೊಳೆ, ಪೊದೆ, 1936ರಲ್ಲಿ ನಿಲ್ಲಿಸಿದ ಒಂದು ಕಲ್ಲು. ಇಷ್ಟಕ್ಕಾ ಬಂದದ್ದು ಅಂತ ಅನ್ನಿಸಬಹುದು. ಕಾದಂಬರಿ ಓದಿ ಹೋದವರಿಗೆ ಹಾಗೆ ಅನ್ನಿಸುವುದಿಲ್ಲ.

ಅಲ್ಲಿಂದ ಪೇಕೋಸ್ ನದಿಯ ಜೊತೆಗೇ ಉತ್ತರಕ್ಕೆ ಹೋದರೆ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್. ಜನ ಬಿಲ್ಲಿ ದ ಕಿಡ್ ಎಂಬ ಹೆಸರಾಂತ ದರೋಡೆಕೋರನ ಸಮಾಧಿ ನೋಡಿಕೊಂಡು ವಾಪಸ್ ಹೊರಡುತ್ತಾರೆ. ನೋಡಬೇಕಾದದ್ದು ಬಾಸ್ಕೆ ರೆಡಾಂಡೋ ಸ್ಮಾರಕ. ಗುಡ್‌ನೈಟ್‌ನ ದನಗಳಿಗೆ ಇಲ್ಲಿ ಒಳ್ಳೆ ಬೆಲೆ ಸಿಕ್ಕಿದ್ದು ಯಾಕೆ? ಅಮೆರಿಕದ ಸೈನ್ಯ ನವಾಹೋ ಮತ್ತು ಮೆಸ್ಕಲೇರೊ ಅಪಾಚೆ ಎಂಬ ಮೂಲನಿವಾಸಿ ಜನರನ್ನು ಅವರ ನೆಲದಿಂದ ನಡೆಸಿಕೊಂಡು ತಂದು ಇಲ್ಲಿ ಕೂಡಿಹಾಕಿತ್ತು. ಸಾವಿರಾರು ಜನ ಹಸಿದಿದ್ದರು. ದನ ಕೊಂಡದ್ದು ಅವರ ಪಡಿತರಕ್ಕೆ. 1868ರ ಒಪ್ಪಂದದ ನಂತರವೇ ನವಾಹೋಗಳು ಊರಿಗೆ ಮರಳಿದ್ದು. ನಾನು ಓದಿದ ದನ ಸಾಗಣೆಯ ಕಾದಂಬರಿಗಳಲ್ಲಿ ಈ ಹಸಿವಿನ ಸುದ್ದಿಗೆ ಜಾಗವೇ ಇಲ್ಲ. ಪ್ರೀತಿಯಿಂದ ಓದುವ ನಾವೇ ಇದನ್ನು ಜೋರಾಗಿ ಹೇಳಬೇಕು.

ಲವಿಂಗ್ ಸತ್ತದ್ದೂ ಇದೇ ಊರಲ್ಲಿ, 1867ರ ಸೆಪ್ಟೆಂಬರಿನಲ್ಲಿ. ಪೇಕೋಸ್ ದಡದಲ್ಲಿ ಕೊಮಾಂಚಿ ಎಂಬ ಮೂಲನಿವಾಸಿಗಳ ದಾಳಿಯಲ್ಲಿ ಗಾಯವಾಗಿ, ಗಾಯ ಕೊಳೆತು ತೀರಿಕೊಂಡ. ನನ್ನನ್ನು ಟೆಕ್ಸಸ್‌ನಲ್ಲೇ ಮಣ್ಣು ಮಾಡು ಅಂತ ಗೆಳೆಯನನ್ನು ಕೇಳಿಕೊಂಡಿದ್ದ. ಕೌಬಾಯ್‌ಗಳು ಖಾಲಿ ಎಣ್ಣೆ ಡಬ್ಬಗಳನ್ನು ಬಡಿದು ಚಪ್ಪಟೆ ಮಾಡಿ, ಬೆಸುಗೆ ಹಾಕಿ ಒಂದು ದೊಡ್ಡ ತಗಡಿನ ಪೆಟ್ಟಿಗೆ ಮಾಡಿದರು. ಮರದ ಶವಪೆಟ್ಟಿಗೆಯನ್ನು ಅದರೊಳಗಿಟ್ಟು ಸುತ್ತ ಇದ್ದಿಲ ಪುಡಿ ತುಂಬಿದರು. ಬಂಡಿಯ ಮೇಲಿಟ್ಟು ಸುಮಾರು 600 ಮೈಲಿ ದೂರದ ವೆದರ್‌ಫರ್ಡ್‌ಗೆ ತಂದರು. ಲ್ಯಾರಿ ಮ್ಯಾಕ್‌ಮರ್ಟ್ರಿಯ 'ಲೋನ್‌ಸಮ್ ಡವ್' ಕಾದಂಬರಿಯ ಕೊನೆಯ ಭಾಗಕ್ಕೆ ಈ ಘಟನೆಯೇ ಮೂಲ. 1986ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದ ಪುಸ್ತಕ ಅದು. ಕೈಯಾರೆ ಒಂದು ಪೆಟ್ಟಿಗೆ ಕಟ್ಟಿ, ಸಂದು ಮುಚ್ಚಿ, ಆ ದಾರಿಯಲ್ಲಿ ಎಳೆದುಕೊಂಡು ಹೋದ ಮೇಲೆ ಆ ಪುಟಗಳನ್ನು ಓದುವುದು ಬೇರೆಯೇ ಅನುಭವ. ತಗಡಿನ ಅಂಚು ಕೂಡುವ ಕಷ್ಟ ಎಂಥದ್ದು ಅಂತ ಬೆರಳಿಗೆ ಗೊತ್ತಿರುತ್ತದೆ.

ವೆದರ್‌ಫರ್ಡ್‌ನ ಅದೇ ಸ್ಮಶಾನದಲ್ಲಿ ಬೋಸ್ ಐಕಾರ್ಡ್‌ನ ಸಮಾಧಿಯೂ ಇದೆ. ಗುಲಾಮನಾಗಿ ಹುಟ್ಟಿ, ಬಿಡುಗಡೆಯಾದ ಮೇಲೆ ಗುಡ್‌ನೈಟ್‌ನ ಜೊತೆ ದನ ನಡೆಸಿದ ಕಪ್ಪು ಕೌಬಾಯ್. ಅವನ ಸಮಾಧಿಗೆ ಕಲ್ಲು ಹಾಕಿಸಿದವನು ಗುಡ್‌ನೈಟ್. ಇಬ್ಬರೂ ತೀರಿಕೊಂಡದ್ದು 1929ರಲ್ಲೇ. ಹೋದವರು ದಯವಿಟ್ಟು ಅಲ್ಲಿಗೂ ಹೋಗಿ ನಿಂತು ಬನ್ನಿ.

ದಾರಿಯುದ್ದಕ್ಕೂ ನನಗೆ ಇಷ್ಟವಾಗುವ ಇನ್ನೊಂದು ನೋಟವಿದೆ. ಹ್ಯೂಸ್ಟನ್ ಬಿಟ್ಟ ಸ್ವಲ್ಪ ಹೊತ್ತಿಗೇ ಬೇಲಿಯಾಚೆ ಭುಜದ ಡುಬ್ಬ, ಜೋತು ಬಿದ್ದ ಗಂಗೆದೊಗಲಿನ ಬೂದು ದನಗಳು. ಇಲ್ಲಿನವರು ಬ್ರಾಹ್ಮನ್ ತಳಿ ಅನ್ನುತ್ತಾರೆ. ಗಿರ್, ಕಾಂಕ್ರೇಜ್, ಓಂಗೋಲ್ ತಳಿಗಳ ಜೊತೆ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ಟೆಕ್ಸಸ್‌ನ ಬಿಸಿಲು, ಉಣ್ಣಿ ಹುಳು ತಡೆದುಕೊಳ್ಳಲು ಇವರಿಗೆ ನಮ್ಮ ದನವೇ ಬೇಕಾಯಿತು ಅಲ್ವಾ.

ಕೊಲರಾಡೋ ಗಡಿಯಲ್ಲಿ ರಟೋನ್ ಪಾಸ್ ಎಂಬ ಘಾಟಿ ಬರುತ್ತದೆ, 7,834 ಅಡಿ ಎತ್ತರ. ಡಿಕ್ ವೂಟನ್ ಎಂಬಾತ ಇಲ್ಲಿ ರಸ್ತೆ ಕಡಿಸಿ, ಗೇಟು ಹಾಕಿ, ದನದ ತಲೆಗೆ 10 ಸೆಂಟ್ ಸುಂಕ ವಸೂಲಿ ಮಾಡುತ್ತಿದ್ದ. ಗುಡ್‌ನೈಟ್ ಒಪ್ಪಲಿಲ್ಲ. ಪೂರ್ವಕ್ಕೆ ಸುತ್ತಿ ಟ್ರಿಂಚೆರಾ ಪಾಸಿನಲ್ಲಿ ಬೇರೆ ದಾರಿ ಮಾಡಿಕೊಂಡ. ಈಗ ಅಲ್ಲಿರುವ ಐ-25 ಹೈವೇಯಲ್ಲಿ ಸುಂಕವಿಲ್ಲ. ಹತ್ತುವಾಗ ಇಂಜಿನ್ ಬಿಸಿಯ ಮುಳ್ಳಿನ ಮೇಲೆ ಕಣ್ಣಿರಲಿ, ಇಳಿಯುವಾಗ ಮೊದಲೇ ಕೆಳ ಗೇರಿಗೆ ಹಾಕಿ. ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ.

ಮುಂದಿನ ದಾರಿ ವಯೋಮಿಂಗ್‌ನ ಮೆಡಿಸಿನ್ ಬೋ. ಓವನ್ ವಿಸ್ಟರ್ 1902ರಲ್ಲಿ ಬರೆದ 'ದಿ ವರ್ಜೀನಿಯನ್' ಶುರುವಾಗುವ ಊರು. ಅಲ್ಲಿಯವರೆಗೆ ಬೆಟ್ಟದ ರಸ್ತೆ ಜಾಸ್ತಿ. ಕಾನೂನು ಕೇಳದಿದ್ದರೂ ಟ್ರೈಲರಿಗೆ ಎಲೆಕ್ಟ್ರಿಕ್ ಬ್ರೇಕ್ ಹಾಕಿಸುತ್ತಿದ್ದೇನೆ. ಅಚ್ಚು ಕೊಳ್ಳುವಾಗಲೇ ಬ್ರೇಕ್ ಕೂರಿಸುವ ಫ್ಲೇಂಜ್ (ತೂತುಗಳಿರುವ ಉಕ್ಕಿನ ತಟ್ಟೆ) ಇರುವುದನ್ನೇ ಆರಿಸಿದ್ದೆ, ಬ್ರೇಕನ್ನು ಅದಕ್ಕೇ ಬೋಲ್ಟು ಹಾಕಿ ಬಿಗಿಯಬಹುದು. ನೀವು ಕಟ್ಟುವುದಾದರೆ ಅಚ್ಚು ಅಂಥದ್ದನ್ನೇ ತಗೊಳ್ಳಿ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ.