ಹೊಸ ಪ್ಯಾಡ್ ಹಾಕಿದ ಮೇಲೆ ಕೂಗಲು ಶುರುವಾದ ಬ್ರೇಕು

"ನೀನು ಬರೋದು ಬೀದಿ ತುದೀಲೇ ಗೊತ್ತಾಗುತ್ತೆ ಕಣಪ್ಪ" ಎಂದರು ಎದುರು ಮನೆಯ ಅಜ್ಜಿ. ಹೊಗಳಿಕೆ ಏನಲ್ಲ. ನನ್ನ ಬೈಕಿನ ಮುಂದಿನ ಬ್ರೇಕು ಕೀಂ ಎಂದು ಕೂಗುತ್ತಿತ್ತು, ಅಜ್ಜಿಯ ಮಧ್ಯಾಹ್ನದ ನಿದ್ದೆ ಹಾಳಾಗುತ್ತಿತ್ತು.

ಬೈಕು 2017ರದ್ದು, 150 ಸಿಸಿ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ ಆಗುವ ಮೊದಲು ಕೊಂಡದ್ದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಸವೆದಿತ್ತು, ಒಂದು ಭಾನುವಾರ ನಾನೇ ಕೂತು ಬದಲಾಯಿಸಿದೆ. ಅರ್ಧ ಗಂಟೆಯ ಕೆಲಸ. ಸೋಮವಾರ ಆಫೀಸಿಗೆ ಹೊರಟಾಗ ಮೊದಲ ಸಿಗ್ನಲ್‌ನಲ್ಲೇ ಕೂಗಿತು. ಜೋರಾಗಿ ಬ್ರೇಕ್ ಹಿಡಿದರೆ ಸದ್ದಿಲ್ಲ. ಇಪ್ಪತ್ತರ ವೇಗದಲ್ಲಿ ಮೆಲ್ಲಗೆ ಹಿಡಿದರೆ ಮಾತ್ರ ಕೀಂ. ಮೈಸೂರಿನವರಿಗೆ ಗೊತ್ತಿರುತ್ತದೆ, ಚಾಮುಂಡಿ ಬೆಟ್ಟ ಇಳಿಯುವಾಗ ಎಷ್ಟು ತಿರುವು, ಎಷ್ಟು ಸಲ ಬ್ರೇಕು ಅಂತ. ಒಂದು ಸಲ ಇಳಿದು ಬಂದೆ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಹಿಂದೆ ಕೂತಿದ್ದ ಹೆಂಡತಿ ಹೆಲ್ಮೆಟ್ ಗ್ಲಾಸ್ ಇಳಿಸಿಕೊಂಡಳು.

ಅಂಗಡಿಯ ಹುಡುಗ, "ಹೊಸ ಪ್ಯಾಡ್ ಸಾರ್, ಇನ್ನೂರು ಕಿಲೋಮೀಟರ್ ಓಡ್ಸಿ, ತಾನೇ ಸೆಟ್ ಆಗುತ್ತೆ" ಎಂದ. ಅದು ಅರ್ಧ ಸತ್ಯ. ಮುನ್ನೂರು ಓಡಿಸಿದೆ, ಕೂಗು ಜಾಸ್ತಿಯಾಯಿತು. ಇನ್ನೊಬ್ಬ ಗೆಳೆಯ, "ಡಿಸ್ಕಿಗೆ ಒಂದು ತೊಟ್ಟು ಆಯಿಲ್ ಬಿಡು, ಗಪ್‌ಚುಪ್" ಎಂದ. ದಯವಿಟ್ಟು ಈ ಮಾತು ಯಾರು ಹೇಳಿದರೂ ಕೇಳಬೇಡಿ. ಸದ್ದು ನಿಲ್ಲುತ್ತದೆ ನಿಜ, ಜೊತೆಗೆ ಬ್ರೇಕೂ ನಿಲ್ಲುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯಬೇಕು, ಅಷ್ಟೆ. ಚೈನಿಗೆ ಸ್ಪ್ರೇ ಹೊಡೆಯುವಾಗಲೂ ಡಿಸ್ಕ್ ಕಡೆ ಹಾರದ ಹಾಗೆ ನೋಡಿಕೊಳ್ಳಿ.

ಈ ಸದ್ದು ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಶಾಲೆಯ ಕರಿಹಲಗೆ ನೆನಪಿಸಿಕೊಂಡರೆ ಸಾಕು. ಹೊಸ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದರೆ ಕೀಚ್ ಅನ್ನುತ್ತದೆ. ಅಂಟಿಕೊಂಡು, ಜಾರಿ, ಮತ್ತೆ ಅಂಟಿಕೊಂಡು, ಹೀಗೆ ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ಅದನ್ನೇ ಮುರಿದು, ಓರೆಯಾಗಿ ಹಿಡಿದರೆ ಸುಮ್ಮನಾಗುತ್ತದೆ. ಬ್ರೇಕ್ ಪ್ಯಾಡಿನದ್ದೂ ಅದೇ ಕತೆ. ಪ್ಯಾಡು ಡಿಸ್ಕಿನ ಮೇಲೆ ಸಮವಾಗಿ ಕೂರದೆ, ಯಾವುದೋ ಒಂದು ಅಂಚು ಮಾತ್ರ ತಾಗುತ್ತಿದ್ದರೆ ನಡುಕ ಶುರು. ಡಿಸ್ಕು ಗಂಟೆಯ ಹಾಗೆ ಅದನ್ನು ಊರಿಗೆಲ್ಲ ಸಾರುತ್ತದೆ.

ಇಷ್ಟು ಗೊತ್ತಿದ್ದೂ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಪ್ಯಾಡ್ ಬಿಚ್ಚಿ ನೋಡಿದೆ. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಸರಿ, ಕಳ್ಳ ಸಿಕ್ಕ ಅಂದುಕೊಂಡೆ. ಹಳೆಯ ಫೋಟೋ ಫ್ರೇಮಿನ ಗಾಜಿನ ಮೇಲೆ 120 ನಂಬರಿನ ಎಮೆರಿ ಪೇಪರ್ ಹಾಸಿ, ನೀರು ಚಿಮುಕಿಸಿ, ಪ್ಯಾಡನ್ನು ಎಂಟರ ಆಕಾರದಲ್ಲಿ ಉಜ್ಜಿದೆ. ಗಾಜು ಯಾಕೆಂದರೆ ಅದು ಸಮತಟ್ಟು. ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚು ಉರುಟಾಗುತ್ತದೆ. ನೀರು ಯಾಕೆಂದರೆ ಆ ಪುಡಿ ಮೂಗಿಗೆ ಹೋಗಬಾರದು. ಬಾಯಲ್ಲಿ ಊದಿ ಸ್ವಚ್ಛ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಡಿಸ್ಕನ್ನು ಹಸಿರು ಸ್ಕ್ರಬ್ಬರಿನಿಂದ ತಿಕ್ಕಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದೆ. ಸ್ಕ್ರಬ್ಬರ್ ಹೊಸದೇ ಇರಲಿ. ಪಾತ್ರೆ ತೊಳೆದದ್ದರಲ್ಲಿ ಜಿಡ್ಡು ಇರುತ್ತದೆ.

ಮೂರು ದಿನ ಸದ್ದಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಮತ್ತೆ ಕೀಂ.

ಆಗ ಹೊಳೆಯಿತು, ಹೊಳಪು ಕಾಯಿಲೆಯಲ್ಲ, ಕಾಯಿಲೆಯ ಗುರುತು ಅಂತ. ಹಾಗಾದರೆ ಕಾಯಿಲೆ ಯಾವುದು? ಉತ್ತರ ಟೂಲ್ ಬಾಕ್ಸಿನ ತಳದಲ್ಲಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಬಿಚ್ಚಿದ ಹಳೆಯ ಪ್ಯಾಡುಗಳು! ಎಸೆಯಲು ಮರೆತಿದ್ದೆ, ಅದೇ ಪುಣ್ಯ. ಹೊರಗಿನ ಪ್ಯಾಡಿನಲ್ಲಿ ಮೂರು ಮಿಲಿಮೀಟರ್ ಉಳಿದಿತ್ತು. ಒಳಗಿನದು, ಅಂದರೆ ಪಿಸ್ಟನ್ ಕಡೆಯದು, ಒಂದು ತುದಿಯಲ್ಲಿ ಒಂದೂವರೆ, ಇನ್ನೊಂದು ತುದಿಯಲ್ಲಿ ಎರಡೂವರೆ. ಬಾಗಿಲ ಸಂದಿಗೆ ಇಡುವ ಬೆಣೆಯ ಹಾಗೆ ಓರೆಯಾಗಿ ಸವೆದಿತ್ತು. ಹೊಸದು ಹಾಕುವ ಮೊದಲು ಇದನ್ನು ಎರಡು ನಿಮಿಷ ನೋಡಿದ್ದರೆ ಅಷ್ಟು ದಿನದ ಕೂಗು ತಪ್ಪುತ್ತಿತ್ತು.

ಪ್ಯಾಡುಗಳನ್ನು ಹಿಡಿದಿರುವ ಲೋಹದ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ನನ್ನ ಬೈಕಿನ ಕ್ಯಾಲಿಪರಿನಲ್ಲಿ ಎರಡು ಪಿಸ್ಟನ್, ಎರಡೂ ಒಂದೇ ಕಡೆ. ಅವು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತವೆ. ಅದರ ಹಿಂದೆಯೇ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾರದಿದ್ದರೆ? ಒಳಗಿನ ಪ್ಯಾಡೇ ದುಡಿದು ಸವೆಯುತ್ತದೆ. ಎರಡರಲ್ಲಿ ಒಂದೇ ಪಿನ್ ಹಿಡಿದುಕೊಂಡರೆ ಕ್ಯಾಲಿಪರ್ ಸೊಟ್ಟಗೆ ನಿಂತು, ಪ್ಯಾಡು ಓರೆಯಾಗುತ್ತದೆ. ಆ ಸೊಟ್ಟ ಕ್ಯಾಲಿಪರಿಗೆ ನೆಟ್ಟಗಿರುವ ಹೊಸ ಪ್ಯಾಡ್ ತಂದು ಹಾಕಿದ್ದೆ ನಾನು. ಕೂಗದೆ ಇನ್ನೇನು ಮಾಡುತ್ತದೆ ಪಾಪ.

ಮತ್ತೆ ಬಿಚ್ಚಿದೆ. ಒಂದು ಪಿನ್ ಬೆರಳಲ್ಲಿ ತಳ್ಳಿದರೆ ಬೆಣ್ಣೆಯ ಹಾಗೆ ಜಾರಿತು. ಇನ್ನೊಂದನ್ನು ತಿರುಚಿ ತಿರುಚಿ ಎಳೆಯಬೇಕಾಯಿತು. ಹೊರಗೆ ಬಂದಾಗ ಅದರ ಮೈಮೇಲೆ ಹಳೆಯ ಬೆಲ್ಲದ ಬಣ್ಣದ ಅಂಟು. ಪಿನ್ನಿಗೆ ಕೊಳೆ ಸೇರದಂತೆ ಮುಚ್ಚುವ ರಬ್ಬರ್ ಬೂಟು ಊದಿಕೊಂಡು, ಮೆತ್ತಗಾಗಿ, ಪಿನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಿತ್ತು. ಯಾವ ಮೆಕ್ಯಾನಿಕ್ ಹೀಗೆ ಮಾಡಿದ ಅಂತ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು. ಎರಡು ವರ್ಷದ ಹಿಂದೆ ವೀಲ್ ಬೇರಿಂಗಿಗೆ ತಂದ ಗ್ರೀಸ್ ಡಬ್ಬಿಯಿಂದ ಒಂದು ಬೆರಳು ತೆಗೆದು ಆ ಪಿನ್ನಿಗೆ ಬಳಿದಿದ್ದು ನಾನೇ. "ಹಾಗಾದ್ರೆ ಇವತ್ತು ಯಾರನ್ನೂ ಬೈಯೋ ಹಾಗಿಲ್ಲ" ಎಂದು ಹೆಂಡತಿ ಕಾಫಿ ಇಟ್ಟು ಹೋದಳು.

ಪೆಟ್ರೋಲಿಯಂ ಗ್ರೀಸ್ ಬ್ರೇಕಿನ ರಬ್ಬರಿಗೆ ವಿಷ. ಅದು ರಬ್ಬರನ್ನು ಉಬ್ಬಿಸುತ್ತದೆ. ಇಲ್ಲಿಗೆ ಬೇಕಾದ್ದು ಸಿಲಿಕೋನ್ ಬ್ರೇಕ್ ಗ್ರೀಸ್. ಹೊಸ ಬೂಟುಗಳ ಸೆಟ್ಟನ್ನೂ ಗ್ರೀಸಿನ ಸಣ್ಣ ಸ್ಯಾಶೆಯನ್ನೂ ತಂದೆ. ಪಿನ್ನುಗಳನ್ನು ಒರೆಸಿ, ಅವು ಕೂರುವ ತೂತನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಸ್ವಚ್ಛ ಮಾಡಿ, ಒಂದೊಂದು ಪಿನ್ನಿಗೆ ಕಡಲೆಬೀಜದ ಅರ್ಧದಷ್ಟು ಗ್ರೀಸ್ ಸವರಿದೆ. ಜಾಸ್ತಿ ಹಾಕಿದರೆ ಗಾಳಿ ಸಿಕ್ಕಿಕೊಂಡು ಪಿನ್ ಹಿಂದಕ್ಕೆ ಒತ್ತುತ್ತದೆ.

ಬಿಚ್ಚಿದ್ದೇ ಬಿಚ್ಚಿದೆ ಅಂತ ಪಿಸ್ಟನ್ನುಗಳನ್ನೂ ನೋಡಿದೆ. ಮೊದಲ ಸಲ ಅವುಗಳ ಮೇಲಿದ್ದ ಕಪ್ಪು ಕೊಳೆಯ ಸಮೇತ ಒಳಗೆ ತಳ್ಳಿದ್ದೆ. ಈ ಸಲ ಪ್ಯಾಡಿನ ಜಾಗದಲ್ಲಿ ಒಂದು ಮರದ ತುಂಡು ಇಟ್ಟು, ಲಿವರನ್ನು ಮೆಲ್ಲಗೆ ಒಂದೆರಡು ಸಲ ಒತ್ತಿದೆ. ಪಿಸ್ಟನ್ ಸ್ವಲ್ಪ ಹೊರಗೆ ಬಂತು. ಮರದ ತುಂಡು ಇಲ್ಲದಿದ್ದರೆ ಪೂರ್ತಿ ಹೊರಗೆ ಬಿದ್ದು ಬ್ರೇಕ್ ಆಯಿಲ್ ನೆಲದ ಪಾಲು. ಹಳೆಯ ಟೂತ್‌ಬ್ರಶ್, ಸೋಪಿನ ನೀರು, ಆಮೇಲೆ ಒಣ ಬಟ್ಟೆ. ಪೆಟ್ರೋಲ್ ಬೇಡ, ಒಳಗಿನ ಸೀಲ್ ಕೂಡ ರಬ್ಬರೇ ಅಲ್ವಾ. ವಾಪಸ್ ತಳ್ಳುವಾಗ ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ತುಂಬಿದ್ದರೆ ಉಕ್ಕುತ್ತದೆ. ಅದು ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ಅದಕ್ಕೇ ಸುತ್ತ ದಪ್ಪ ಟವೆಲ್ ಸುತ್ತಿದ್ದೆ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪ 3.5 ಮಿಲಿಮೀಟರ್ ಎಂದು ಕೆತ್ತಿದೆ. ನನ್ನದು 3.8 ಇತ್ತು, ಬದುಕಿಕೊಂಡೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿಗೆ ಒಂದು ಕೇಬಲ್ ಟೈ ಕಟ್ಟಿ, ಅದರ ತುದಿ ಡಿಸ್ಕಿಗೆ ಸೋಕುವಷ್ಟು ಬಗ್ಗಿಸಿ ಚಕ್ರ ತಿರುಗಿಸಿದೆ. ಸುತ್ತಲೂ ಒಂದೇ ಸಮ ಸೋಕಿತು, ಅಂದರೆ ಡಿಸ್ಕ್ ಡೊಂಕಾಗಿಲ್ಲ. ಪ್ಯಾಡನ್ನು ಮತ್ತೆ ಗಾಜಿನ ಮೇಲೆ ಉಜ್ಜಿ, ಡಿಸ್ಕು ಮೊದಲು ತಾಗುವ ಅಂಚನ್ನು ಅರದಿಂದ ಒಂದು ಮಿಲಿಮೀಟರ್ ಓರೆ ಮಾಡಿದೆ. ಸೀಮೆಸುಣ್ಣ ಮುರಿದ ಹಾಗೆ.

ಎಲ್ಲ ಜೋಡಿಸಿ ಖುಷಿಯಲ್ಲಿ ಗೇಟಿನಿಂದ ಹೊರಟೆ. ಲಿವರ್ ಹಿಡಿದರೆ ಸೀದಾ ಹ್ಯಾಂಡಲ್‌ಗೆ ತಾಗಿತು! ಪಿಸ್ಟನ್ ಒಳಗೆ ತಳ್ಳಿದ ಮೇಲೆ ಲಿವರನ್ನು ಹತ್ತು ಸಲವಾದರೂ ಒತ್ತಿ, ಗಟ್ಟಿಯಾದ ಮೇಲೇ ಹೊರಡಬೇಕು. ಗೊತ್ತಿದ್ದೂ ಮರೆತೆ. ಹಿಂದಿನ ಡ್ರಮ್ ಬ್ರೇಕ್ ಕಾಪಾಡಿತು. ಅಜ್ಜಿಯ ಮನೆ ಕಾಂಪೌಂಡಿಗೂ ಚಕ್ರಕ್ಕೂ ಒಂದು ಗೇಣು ಉಳಿದಿತ್ತು.

ಮರುದಿನ ಬೆಳಿಗ್ಗೆ ಐದೂವರೆಗೆ ರಿಂಗ್ ರೋಡಿಗೆ ಹೋದೆ. ಹೊಸ ಪ್ಯಾಡನ್ನು ಪಳಗಿಸುವ ಕೆಲಸ ಬಾಕಿ ಇತ್ತು, ಮೊದಲ ಸಲ ಇದನ್ನು ಬಿಟ್ಟದ್ದೂ ತಪ್ಪೇ. ಹೊಸ ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ತೆಳುವಾಗಿ, ಸಮವಾಗಿ ಹರಡಿಕೊಳ್ಳಬೇಕು. ಟ್ರಾಫಿಕ್‌ನಲ್ಲಿ ಬ್ರೇಕನ್ನು ಸುಮ್ನೆ ಸವರುತ್ತಾ ಓಡಿಸಿದರೆ ಅದು ಆಗುವುದಿಲ್ಲ, ಮೇಲ್ಮೈ ಬರೀ ಹೊಳಪೇರುತ್ತದೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಐವತ್ತರಿಂದ ಹತ್ತಕ್ಕೆ ಗಟ್ಟಿಯಾಗಿ ಬ್ರೇಕ್ ಹಿಡಿದೆ. ಪೂರ್ತಿ ನಿಲ್ಲಿಸಲಿಲ್ಲ. ಅರ್ಧ ಕಿಲೋಮೀಟರ್ ಗಾಳಿಗೆ ತಣ್ಣಗಾಗಲು ಬಿಟ್ಟು ಮತ್ತೆ. ಹೀಗೆ ಹತ್ತು ಸಲ. ಮೊದಮೊದಲು ಬ್ರೇಕು ಪೆದ್ದು ಪೆದ್ದಾಗಿತ್ತು. ಆರನೆಯ ಸಲಕ್ಕೆ ಹಿಡಿತ ಬಂದದ್ದು ಬೆರಳಿಗೇ ಗೊತ್ತಾಯಿತು. ಮುಗಿಸಿ, ಬಿಸಿ ಡಿಸ್ಕಿನ ಮೇಲೆ ಲಿವರ್ ಹಿಡಿದು ನಿಲ್ಲದೆ, ಮೆಲ್ಲಗೆ ಮನೆಗೆ ಬಂದೆ.

ಆಮೇಲೆ ಒಂದು ಮಳೆಗಾಲ ಕಳೆದಿದೆ. ಬೈಕ್ ತೊಳೆದ ಮರುದಿನ ಮೊದಲ ಬ್ರೇಕಿಗೆ ಒಂದು ಸಣ್ಣ ಕರ್ ಬರುತ್ತದೆ. ಡಿಸ್ಕಿನ ಮೇಲಿನ ತುಕ್ಕಿನ ತೆಳು ಪೊರೆ ಅದು, ಎರಡನೆಯ ಬ್ರೇಕಿಗೆ ಮಾಯ. ಅದಕ್ಕೆಲ್ಲ ಪಾನಾ ಹಿಡಿಯುವುದಿಲ್ಲ. ಪಿಸ್ಟನ್ ಪಕ್ಕ ಒದ್ದೆ ಕಂಡರೆ, ಅಥವಾ ಪಿಸ್ಟನ್ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ನಾನೂ ಮೆಕ್ಯಾನಿಕ್ ಹತ್ತಿರವೇ ಹೋಗುತ್ತೇನೆ.

ಹೋದ ವಾರ ಬಾಮೈದ ತನ್ನ ಬೈಕ್ ತಂದ. ಹೊಸ ಪ್ಯಾಡ್, ಅದೇ ಕೀಂ. ನಾನು ಬೈಕ್ ನೋಡಲೇ ಇಲ್ಲ, "ಹಳೇ ಪ್ಯಾಡ್ ಎಲ್ಲಿ?" ಎಂದೆ.

"ಬಿಸಾಕಿದೆ ಭಾವ. ಯಾಕೆ, ಬೇಕಿತ್ತಾ?"