ಹುಣಸೆಹಣ್ಣಿಂದ ಹಾಳಾದ ವಿಕ್ಟೋರಿಯಾ ಪೆನ್ನಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಗ ಒಂದು ಭಾನುವಾರ ಕಾರ್ ಬೂಟ್ ಸೇಲ್‌ಗೆ ಹೋಗಿದ್ದೆ. ಜನ ಮನೆಯ ಹಳೇ ಸಾಮಾನನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಬಂದು ಬಯಲಿನಲ್ಲಿ ಹರಡಿ ಮಾರುವ ಸಂತೆ ಅದು. ಟೇಬಲ್ ಲ್ಯಾಂಪ್ ಹುಡುಕಿಕೊಂಡು ಹೋದವನು ಬಿಸ್ಕತ್ತಿನ ಡಬ್ಬಿ ತುಂಬ ಬ್ರಿಟನ್ನಿನ ಹಳೇ ಪೆನ್ನಿ ನಾಣ್ಯ ಹೊತ್ತು ತಂದೆ, ಎಲ್ಲ ಕಪ್ಪಾದವು. ಕೊಟ್ಟದ್ದು ಐದು ಪೌಂಡ್. ಮನೆಯಲ್ಲಿ ಎಣಿಸಿದರೆ 203 ಇದ್ದವು, ತೂಕ ಎರಡು ಕೆಜಿಗೆ ಸ್ವಲ್ಪ ಕಡಿಮೆ.

ಆಗ ನನಗೆ ಬ್ರಿಟನ್ನಿನ ಹಳೇ ಲೆಕ್ಕವೇ ಗೊತ್ತಿರಲಿಲ್ಲ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್, ಅಂದರೆ ಪೌಂಡಿಗೆ 240 ಪೆನ್ನಿ. ಅಜ್ಜಿ ಹೇಳುತ್ತಿದ್ದ 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ ನೆನಪಾಗಿ ಇದೇನೂ ವಿಚಿತ್ರ ಅನ್ನಿಸಲಿಲ್ಲ. ದಶಮಾಂಶಕ್ಕೆ ನಾವು ಬದಲಾದದ್ದು 1957ರ ಏಪ್ರಿಲ್ 1ರಂದು. ಅವರು 1971ರ ಫೆಬ್ರವರಿ 15ರವರೆಗೂ ಹಳೆಯದನ್ನೇ ಎಳೆದರು. ಹಾಗಾಗಿ 1960ರ ದಶಕದಲ್ಲೂ ಅಲ್ಲಿ ಅಂಗಡಿಯವನು ಕೊಡುವ ಚಿಲ್ಲರೆಯಲ್ಲಿ ವಿಕ್ಟೋರಿಯಾ ರಾಣಿಯ ಪೆನ್ನಿ ಬರುತ್ತಿತ್ತು. ನನ್ನ ಡಬ್ಬಿಯ ನಾಣ್ಯಗಳು ಅಷ್ಟು ಸವೆದಿದ್ದು ಅದಕ್ಕೇ, ನೂರು ವರ್ಷ ಜೇಬಿನಿಂದ ಜೇಬಿಗೆ ಓಡಾಡಿ.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಡಬ್ಬಿಯಲ್ಲಿ ಒಂದೇ ಒಂದು ವಿಕ್ಟೋರಿಯಾ ಪೆನ್ನಿ ಚೆನ್ನಾಗಿತ್ತು, 1862ರದ್ದು. ರಾಣಿಯ ತಲೆಯ ಹಿಂದೆ ತುರುಬು, ಕೂದಲಿನ ಒಂದೊಂದು ಎಳೆಯೂ ಕಾಣುವಷ್ಟು ಸ್ಪಷ್ಟ. ಬಣ್ಣ ಮಾತ್ರ ಬೆಂದ ಹುರುಳಿಯಂಥ ಕಂದು. ನಮ್ಮ ಮನೆಯಲ್ಲಿ ದೀಪಾವಳಿಗೆ ತಾಮ್ರದ ಹಂಡೆ ಹೇಗೆ ತೊಳೆಯುತ್ತಾರೋ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಎರಡು ನಿಮಿಷದಲ್ಲಿ ಕೆಂಪು ಸೀಬೆಹಣ್ಣಿನ ತಿರುಳಿನ ಬಣ್ಣಕ್ಕೆ ಬಂತು. ನನಗೋ ಸಂಭ್ರಮ. ನಾಣ್ಯ ಮೇಳವೊಂದರಲ್ಲಿ ವಯಸ್ಸಾದ ವ್ಯಾಪಾರಿಗೆ ತೋರಿಸಿದೆ. ಆತ ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿ, ಏನೂ ಹೇಳದೆ ಮೇಜಿನ ಮೇಲಿಟ್ಟ. ಆ ಮೌನದಲ್ಲೇ ಎಲ್ಲ ಗೊತ್ತಾಯಿತು. ಆ ಕಂದು ಪದರ ಕೊಳೆಯಲ್ಲ, ಕಂಚು ತಾನೇ ಹೊದ್ದುಕೊಂಡ ಚರ್ಮ. ಹುಳಿ ಅದನ್ನು ಸುಲಿದುಬಿಟ್ಟಿತ್ತು. ಆಮೇಲೆ ನಾನು ಬಳಸಿದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ರಾತ್ರಿಯಿಡೀ ನೆನೆಸಿ, ತಿಕ್ಕದೆ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸುವುದು. ಹಸಿರು ಕಿಲುಬು ಕೂತಿದ್ದರೆ ಆಲಿವ್ ಎಣ್ಣೆಯಲ್ಲಿ ವಾರಗಟ್ಟಲೆ ಬಿಟ್ಟು ಹಲ್ಲುಕಡ್ಡಿಯಿಂದ ಮೆಲ್ಲಗೆ ಬಿಡಿಸುವುದು.

ವಿಂಗಡಿಸುವುದಕ್ಕೆ ಇಸವಿ ಬೇಕು, ಆದರೆ ಸವೆದ ನಾಣ್ಯದಲ್ಲಿ ಇಸವಿ ಎಲ್ಲಿ ಕಾಣುತ್ತೆ? ಮೊದಲು ಮುಖ ಯಾವ ಕಡೆ ನೋಡುತ್ತಿದೆ ಅಂತ ನೋಡಬೇಕು. ಹಿಂದಿನವರು ನೋಡಿದ ಕಡೆಗೆ ಮುಂದಿನವರು ನೋಡಬಾರದು ಅನ್ನುವುದು ಅಲ್ಲಿನ ಸಂಪ್ರದಾಯ. ವಿಕ್ಟೋರಿಯಾ ಎಡಕ್ಕೆ, ಏಳನೇ ಎಡ್ವರ್ಡ್ ಬಲಕ್ಕೆ, ಐದನೇ ಜಾರ್ಜ್ ಎಡಕ್ಕೆ. ಆರನೇ ಜಾರ್ಜ್ ಕೂಡ ಎಡಕ್ಕೇ, ಏಕೆಂದರೆ ಬಲಕ್ಕೆ ನೋಡುವ ಸರದಿ ನಡುವೆ ಬಂದ ಎಂಟನೇ ಎಡ್ವರ್ಡ್‌ನದು, ಆತ ತನ್ನ ನಾಣ್ಯ ಚಲಾವಣೆಗೆ ಬರುವ ಮೊದಲೇ 1936ರ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟು ಹೋದ. ಇಬ್ಬರು ಜಾರ್ಜ್‌ಗಳಲ್ಲಿ ಗಡ್ಡವಿದ್ದರೆ ಐದನೆಯವನು. ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕೂತ ಬ್ರಿಟಾನಿಯಾ ದೇವಿಯ ಪಕ್ಕದ ಲೈಟ್‌ಹೌಸ್ ಕೂಡ ಸುಳಿವು ಕೊಡುತ್ತೆ. 1860ರಿಂದ 1894ರವರೆಗೆ ಅದು ಇದೆ, 1895ರಲ್ಲಿ ಮಾಯ, 1937ರಲ್ಲಿ ವಾಪಸ್. 1912ರ ಪೆನ್ನಿಯಲ್ಲಿ ಇಸವಿಯ ಎಡಕ್ಕೆ ಸಾಸಿವೆಯಷ್ಟು ಪುಟ್ಟ 'ಎಚ್' ಇದ್ದರೆ ಅದು ಲಂಡನ್ನಿನ ಟಂಕಸಾಲೆಯದಲ್ಲ, ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿ ಒತ್ತಿದ್ದು. ನನ್ನ ಡಬ್ಬಿಯಲ್ಲಿ ಅಂಥವು ಮೂರು ಸಿಕ್ಕವು.

ತಕ್ಕಡಿ ತಂದಮೇಲೆ ಇನ್ನೊಂದು ಮಜಾ ಗೊತ್ತಾಯಿತು. 1860ರಲ್ಲಿ ತಾಮ್ರ ಬಿಟ್ಟು ಕಂಚಿಗೆ ಬಂದಾಗ ಒಂದು ಪೌಂಡ್ ತೂಕಕ್ಕೆ ಸರಿಯಾಗಿ 48 ಪೆನ್ನಿ ಬರುವಂತೆ ಮಾಡಿದ್ದರು. ಮೂರು ಪೆನ್ನಿ ಇಟ್ಟರೆ ಒಂದು ಔನ್ಸ್. ಎಣಿಸುವ ಗೋಜೇ ಇಲ್ಲ, ಚೀಲ ತೂಗಿದರೆ ಸಾಕು. ಅದಕ್ಕೂ ಹಿಂದೆ, 1797ರಲ್ಲಿ ಮ್ಯಾಥ್ಯೂ ಬೋಲ್ಟನ್ ಬರ್ಮಿಂಗ್‌ಹ್ಯಾಮಿನ ಹತ್ತಿರದ ತನ್ನ ಕಾರ್ಖಾನೆಯಲ್ಲಿ ಉಗಿಯಂತ್ರದಿಂದ ಒತ್ತಿದ ತಾಮ್ರದ ಪೆನ್ನಿ ಒಂದೊಂದೂ ಪೂರಾ ಒಂದು ಔನ್ಸ್ ತೂಗುತ್ತಿತ್ತು. ದಪ್ಪ ಅಂಚಿನಿಂದಾಗಿ ಜನ ಅದಕ್ಕೆ ಗಾಡಿಚಕ್ರ ಅಂತಲೇ ಹೆಸರಿಟ್ಟರು. ಎರಡು ಪೆನ್ನಿಯದು ಎರಡು ಔನ್ಸ್! ನಾಲ್ಕು ಹಾಕಿಕೊಂಡರೆ ಜೇಬು ಮಂಡಿಗೆ ಬರುತ್ತಿತ್ತೇನೋ.

1933ರ ಪೆನ್ನಿಯ ಆಸೆ ಎಲ್ಲರಿಗೂ ಇರುತ್ತೆ, ನನಗೂ ಇತ್ತು. ಆ ವರ್ಷ ಚಲಾವಣೆಗೆ ಬೇಕಾದಷ್ಟು ಪೆನ್ನಿ ಇದ್ದುದರಿಂದ ಬೆರಳೆಣಿಕೆಯಷ್ಟು ಮಾತ್ರ ಒತ್ತಿದರು, ಕೆಲವನ್ನು ಹೊಸ ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಟ್ಟರು. ಕಾರ್ ಬೂಟ್ ಸೇಲಿನ ಡಬ್ಬಿಯಲ್ಲಿ ಸಿಕ್ಕುವ ಮಾತಲ್ಲ.

ನನಗೆ ಸಿಕ್ಕಿದ್ದು ಬೇರೆಯೇ. ಒಂದು ಸಂಜೆ ಭೂತಗನ್ನಡಿ ಹಿಡಿದು 1948ರ ಪೆನ್ನಿಯ ಸುತ್ತಲ ಲ್ಯಾಟಿನ್ ಅಕ್ಷರ ಓದುತ್ತಿದ್ದೆ. ಕೊನೆಯಲ್ಲಿ 'ಎಫ್ ಡಿ', ಆಮೇಲೆ 'ಇಂಡ್ ಇಂಪ್'. ಎಫ್ ಡಿ ಅಂದರೆ ಧರ್ಮರಕ್ಷಕ, ಪೋಪ್ 1521ರಲ್ಲಿ ಎಂಟನೇ ಹೆನ್ರಿಗೆ ಕೊಟ್ಟ ಬಿರುದು. ಮುಂದೆ ಪೋಪ್ ಜತೆ ಜಗಳವಾಡಿ ಬೇರೆಯಾದರೂ ಬಿರುದು ಮಾತ್ರ ಬಿಡಲಿಲ್ಲ. ಇಂಡ್ ಇಂಪ್ ಅಂದರೆ ಇಂಡಿಯಾದ ಚಕ್ರವರ್ತಿ. ಪೆನ್ನಿಯ ಮೇಲೆ ಅದು ಬಂದದ್ದು 1895ರಲ್ಲಿ. ಕೂಡಲೇ 1949ರದ್ದೊಂದು ಹುಡುಕಿ ತೆಗೆದೆ. ಇಂಡ್ ಇಂಪ್ ಇಲ್ಲ. ಖಾಲಿಯಾದ ಜಾಗ ತುಂಬಲು 'ಎಫ್ ಡಿ'ಯನ್ನೇ 'ಫಿಡೆಯಿ ಡೆಫ್' ಅಂತ ಹಿಗ್ಗಿಸಿದ್ದಾರೆ.

ಮರುವರ್ಷ ಅಪ್ಪ ಬಂದಾಗ ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿದೆ. ಕನ್ನಡಕ ಹಣೆಗೇರಿಸಿ, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ನಲವತ್ತೇಳರಲ್ಲೇ ಬಿಟ್ಟು ಹೋದರಲ್ಲೋ, ನಲವತ್ತೆಂಟರದ್ದರಲ್ಲಿ ಇನ್ನೂ ಯಾಕಿದೆ?"

"ಆ ಬಿರುದು ಅಧಿಕೃತವಾಗಿ ಬಿಟ್ಟಿದ್ದು ನಲವತ್ತೆಂಟರ ಜೂನಿನಲ್ಲಂತೆ ಅಪ್ಪ."

"ಮನೆ ಖಾಲಿ ಮಾಡಿದ ಮೇಲೂ ಬಾಗಿಲ ಮೇಲೆ ಹೆಸರಿನ ಬೋರ್ಡು ಬಿಟ್ಟಿದ್ದರು ಅನ್ನು," ಎಂದು 1949ರದ್ದನ್ನು ತಮ್ಮ ಜೇಬಿಗೆ ಹಾಕಿಕೊಂಡರು.